ಇಸಾಮಣ್ಣನ ಬಾಯಿಯಾದ ಧರ್ಮಪಾಲ

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಅಮೆರಿಕದ ಸೈನ್ಯ ಆರು ವರ್ಷಕ್ಕೂ ಹೆಚ್ಚು ಕಾಲ ಆ ದೇಶದಲ್ಲಿ ಠಾಣ್ಯ ಹೂಡಿತ್ತು. ಇದು ನಿಮಗೆ ಗೊತ್ತಿರಬೇಕಿತ್ತು. ಎರಡು ಬಾಂಬಿನ ಕತೆ ಎಲ್ಲರಿಗೂ ಗೊತ್ತು, ಶಾಲೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಅದರ ನಂತರದ ಆರು ವರ್ಷ ಯಾರ ಅಂಗಿಯನ್ನು ಯಾರು ಒಗೆದರು ಎಂಬುದನ್ನು ಯಾವ ಮೇಷ್ಟ್ರೂ ಹೇಳುವುದಿಲ್ಲ. ಹಾಲಿವುಡ್ಡಿನವರು ಮಾತ್ರ ಮರೆಯಲಿಲ್ಲ. ಆ ಕಾಲವನ್ನಿಟ್ಟುಕೊಂಡು ಅವರು ನಗೆಚಿತ್ರ ತೆಗೆದರು. ಒಂದಲ್ಲ, ಸಾಲಾಗಿ ತೆಗೆದರು.

ಇದು ನನಗೂ ಗೊತ್ತಿರಲಿಲ್ಲ. ತಿಳಿಸಿದವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಧರ್ಮಪಾಲ. ಕಾರ್ಕಳದ ಕಡೆಯವನು. ಮುಂಬಯಿಯ ಹೋಟೆಲೊಂದರ ಲಾಂಡ್ರಿಯಲ್ಲಿ ಒಂಬತ್ತು ವರ್ಷ ಬೆಂದು, 1991ರಲ್ಲಿ ಅಬುಧಾಬಿಯ ಪಶ್ಚಿಮದ ಕೊನೆಯ ರುವೈಸಿಗೆ ಬಂದ. ಅಲ್ಲಿ ರಿಫೈನರಿಯ ಕೆಲಸ ಹಿಡಿದ ಒಂದು ಕಾಂಟ್ರಾಕ್ಟ್ ಕಂಪನಿಯ ಕ್ಯಾಂಪಿನಲ್ಲಿ ಲಾಂಡ್ರಿ ನೋಡಿಕೊಳ್ಳುತ್ತಿದ್ದ. ಆರುನೂರು ಜನ, ಆರುನೂರು ನೀಲಿ ಅಂಗಿ. ಪ್ಯಾಂಟೂ ಅಂಗಿಯೂ ಒಂದೇ ಆಗಿ ಹೊಲಿದ ಕೆಲಸದ ಬಟ್ಟೆ ಅದು, ಕ್ಯಾಂಪಿನಲ್ಲಿ ಎಲ್ಲರೂ ಅದನ್ನು ಅಂಗಿ ಎಂದೇ ಕರೆಯುತ್ತಿದ್ದರು. ಕಾಲರಿನ ಒಳಗೆ ಹೆಸರಿರುತ್ತಿರಲಿಲ್ಲ, ನಂಬರಿರುತ್ತಿತ್ತು.

1994ರಲ್ಲಿ ಒಬ್ಬ ಅಮೆರಿಕನ್ ಸೂಪರ್‌ವೈಸರ್ ಊರಿಗೆ ಹೊರಟ. ಹೋಗುವಾಗ ರೂಮಿನಲ್ಲಿದ್ದ ಒಂದು ರಟ್ಟಿನ ಪೆಟ್ಟಿಗೆಯನ್ನು ಲಾಂಡ್ರಿಯ ಬಾಗಿಲಲ್ಲಿ ಇಟ್ಟು ಹೋದ. ಬಿಸಾಡಲು ಇಟ್ಟನೋ ಕೊಡಲು ಇಟ್ಟನೋ ಯಾರೂ ಕೇಳಲಿಲ್ಲ. ಒಳಗೆ ಐದು ವಿಡಿಯೊ ಕ್ಯಾಸೆಟ್ಟುಗಳಿದ್ದವು. ಐದೂ ಹಳೆಯವು, ಐದೂ ಅದೇ ಜಾತಿಯವು. ಒಂದು ಕ್ಯಾಂಪು, ಒಬ್ಬ ಹೆದರುಪುಕ್ಕ ಕ್ಯಾಪ್ಟನ್, ಅವನನ್ನು ಆಡಿಸುವ ಚಾಲಾಕಿ ಸಿಪಾಯಿ, ಕಾಣೆಯಾದ ಒಂದು ಜೀಪು, ತಪಾಸಣೆಗೆ ಬರುವ ಜನರಲ್. ಹಿನ್ನೆಲೆಯಲ್ಲಿ ಜಪಾನು, ಮರದ ಮನೆ, ಛತ್ರಿ ಹಿಡಿದ ಹೆಂಗಸರು. ಮತ್ತೆ ಒಬ್ಬ ಕೆಲಸದಾಳು. ಅವನು ಬಟ್ಟೆ ಒಗೆಯುತ್ತಾನೆ, ಬೂಟು ಒರೆಸುತ್ತಾನೆ, ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಾನೆ, ನೀರಿಗೆ ಬೀಳುತ್ತಾನೆ. ವಯಸ್ಸು ನಲವತ್ತು ದಾಟಿದೆ, ಕರೆಯುವುದು ಮಾತ್ರ ‘ಬಾಯ್’ ಎಂದು. ಎರಡು ಚಿತ್ರಗಳಲ್ಲಿ ಆ ಪಾತ್ರ ಮಾಡಿದವನು ಜಪಾನಿನವನೂ ಅಲ್ಲ. ಕಣ್ಣಿನ ತುದಿ ಎಳೆದು ಅಂಟಿಸಿದ, ಹಲ್ಲು ಮುಂದೆ ಕಟ್ಟಿಕೊಂಡ ಬಿಳಿಯ. ಅವನ ಬಾಯಿಂದ ಬರುವುದು ಮಾತಲ್ಲ, ಚಿಂವ್ ಚಿಂವ್.

ಕ್ಯಾಂಪಿನ ಟಿವಿ ಕ್ಯಾಬಿನ್ನಿನಲ್ಲಿ ಶುಕ್ರವಾರ ಊಟವಾದ ಮೇಲೆ ಕನ್ನಡದವರು ಮೂವತ್ತು ಜನ ಸೇರಿ ಮೊದಲನೆಯದನ್ನು ನೋಡಿದರು. ಇಂಗ್ಲಿಷ್ ಯಾರಿಗೂ ಬಾರದು. ಆದರೂ ಗೇಟ್ ಪಾಸು, ಸಾಲು ನಿಲ್ಲಿಸುವುದು, ಮೂರು ಪ್ರತಿ ಫಾರಂ, ಸಾಹೇಬರು ಬರುತ್ತಾರೆಂದು ಕಲ್ಲಿಗೆ ಸುಣ್ಣ ಬಳಿಯುವುದು, ಇದನ್ನೆಲ್ಲ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲಸದಾಳು ನೀರಿಗೆ ಬಿದ್ದಾಗ ಎಲ್ಲರೂ ನಕ್ಕರು. ಧರ್ಮಪಾಲನೂ ನಕ್ಕ. ಇದನ್ನು ಅವನೇ ನನಗೆ ಹೇಳಿದ, ಮುಚ್ಚಿಡಲಿಲ್ಲ.

ಎರಡನೇ ವಾರ ಅದೇ ಕ್ಯಾಸೆಟ್ ಹಾಕಿದರು. ಆ ಕೆಲಸದಾಳು ಕ್ಯಾಪ್ಟನ್‌ನ ಅಂಗಿ ಮಡಚುವ ದೃಶ್ಯ ಬಂತು. ಧರ್ಮಪಾಲನಿಗೆ ತಡೆಯಲಾಗಲಿಲ್ಲ.

“ಇವನಿಗೆ ಅಂಗಿ ಮಡಚಲಿಕ್ಕೆ ಬರುದಿಲ್ಲ ಮಾರಾಯ್ರೇ. ತೋಳು ಮೊದಲು ಹಿಂದೆ ಹೋಗ್ಬೇಕು. ಬಟ್ಟೆ ಒಗೆಯುವವನನ್ನು ತೋರಿಸ್ಲಿಕ್ಕೆ ಹೊರಟವರು ಒಬ್ಬ ಬಟ್ಟೆ ಒಗೆಯುವವನ ಹತ್ರ ಆದ್ರೂ ಕೇಳ್ಬೇಕಿತ್ತು.”

“ಹಂಗಾರ ನೀನ ಹೇಳಪಾ ಅವನ ಪರವಾಗಿ” ಎಂದ ಪರಸಪ್ಪ. ಗದಗದ ಕಡೆಯ ಪೈಪ್ ಫಿಟ್ಟರ್ ಅವನು. ಧರ್ಮಪಾಲನ ಪಕ್ಕದ ಮಂಚದವನು, ಸುಮ್ಮನೆ ಕೂರುವ ಜಾತಿಯವನಲ್ಲ. “ಅವ ಏನ್ ಚಿಂವ್ ಚಿಂವ್ ಅಂತಾನ, ನಮಗೇನ್ ತಿಳೀತದ? ಆವಾಜ್ ಖಲಾಸ್ ಮಾಡು. ನೀ ಮಾತಾಡು.”

ಧರ್ಮಪಾಲ ಟಿವಿಯ ಧ್ವನಿ ತೆಗೆದ.

ಊರಿನಲ್ಲಿದ್ದಾಗ ಧರ್ಮಪಾಲ ತಾಳಮದ್ದಳೆಯಲ್ಲಿ ಸಣ್ಣಪುಟ್ಟ ಅರ್ಥ ಹೇಳಿದವನು. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಎದುರೆದುರು ಕೂತು ಪಾತ್ರದ ಪರವಾಗಿ ಮಾತಾಡುವುದು, ಅಷ್ಟೆ. ಆ ಮಾತಿಗೇ ಅರ್ಥ ಎನ್ನುತ್ತಾರೆ. ಅದು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಬೇಕು. ಸೋಲುವ ರಾಜನಿಗೂ, ಓಲೆ ತರುವ ದೂತನಿಗೂ ಅಲ್ಲಿ ಸರದಿ ಉಂಟು. ತನ್ನ ಸರದಿಯಲ್ಲಿ ಅವನು ತನ್ನ ನ್ಯಾಯವನ್ನು ಪೂರ್ತಿ ಹೇಳಬೇಕು, ಎದುರಿನವನು ಪೂರ್ತಿ ಕೇಳಬೇಕು. ಧರ್ಮಪಾಲ ಆ ಕ್ರಮವನ್ನು ಹಾಗೇ ಎತ್ತಿ ಅಮೆರಿಕದ ಸಿನಿಮಾದ ಮೇಲೆ ಇಟ್ಟ. ಕ್ಯಾಪ್ಟನ್‌ಗೂ ಅವನದೇ ಗಂಟಲು, ಜನರಲ್‌ಗೂ ಅವನದೇ. ಕೆಲಸದಾಳು ಬಂದಾಗ ಮಾತ್ರ ಸಿನಿಮಾ ಅವನಿಗೆ ಸಮಯ ಕೊಡುತ್ತಿರಲಿಲ್ಲ. ಎರಡು ಸಲ ಬಗ್ಗಿದರೆ ಪಾತ್ರ ಮುಗಿಯಿತು. ಅದಕ್ಕೆ ಧರ್ಮಪಾಲ ಅಲ್ಲಿ ಕ್ಯಾಸೆಟ್ ನಿಲ್ಲಿಸುತ್ತಿದ್ದ. ಪರದೆಯ ಮೇಲೆ ಆ ಮನುಷ್ಯ ಬಗ್ಗಿದಲ್ಲೇ ನಿಂತಿರುತ್ತಿದ್ದ, ಮೈಮೇಲೆ ಬಿಳಿ ಗೆರೆಗಳು ನಡುಗುತ್ತಿದ್ದವು. ಅವನ ಅರ್ಥ ಮುಗಿದ ಮೇಲೆಯೇ ಸಿನಿಮಾ ಮುಂದಕ್ಕೆ.

ಹೆಸರೊಂದು ಬೇಕಾಯಿತು. ಜಪಾನಿನ ಹೆಸರು ಎಂದರೆ ಕ್ಯಾಂಪಿನವರಿಗೆ ಗೊತ್ತಿದ್ದದ್ದು ಏರ್ ಕಂಡೀಷನರಿನ ಮೇಲಿನವು ಮಾತ್ರ. ಸೈಟಿಗೆ ಪಂಪು ಪರೀಕ್ಷೆಗೆ ಬಂದಿದ್ದ ಒಬ್ಬ ಜಪಾನಿ ಇಂಜಿನಿಯರ್ ಅಂಗಿ ಕೊಡಲು ಬಂದಾಗ ಧರ್ಮಪಾಲ ಕೈಸನ್ನೆಯಲ್ಲಿ ಕೇಳಿದ, ನಿಮ್ಮಲ್ಲಿ ಏನೆಂದು ಹೆಸರಿಡುತ್ತಾರೆ ಎಂದು. ಆತ ತನ್ನ ಅಣ್ಣನ ಹೆಸರು ಹೇಳಿದ: ಇಸಾಮು. ಮುಂದಿನ ಶುಕ್ರವಾರದಿಂದ ಸಿನಿಮಾದ ಕೆಲಸದಾಳು ಕ್ಯಾಂಪಿಗೆಲ್ಲ ಇಸಾಮಣ್ಣನಾದ. ನಗು ನಿಲ್ಲಲಿಲ್ಲ, ದಿಕ್ಕು ಬದಲಾಯಿತು. ಬಿದ್ದವನನ್ನು ನೋಡಿ ನಗುತ್ತಿದ್ದವರು ಈಗ ಬೀಳಿಸಿದವನನ್ನು ನೋಡಿ ನಗುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಸೈಟಿನ ಗೇಟಿನಲ್ಲಿ ಒಂದು ಹಸಿರು ಬೋರ್ಡು ಇತ್ತು. ‘ಅಪಘಾತವಿಲ್ಲದ ದಿನಗಳು’ ಎಂದು ಇಂಗ್ಲಿಷಿನಲ್ಲಿ, ಕೆಳಗೆ ದಿನದಿನವೂ ಬದಲಾಗುವ ಅಂಕಿ. ಅದನ್ನು ಬದಲಿಸುವುದು ಸೇಫ್ಟಿ ಇಂಜಿನಿಯರ್ ಪೃಥ್ವಿರಾಜನ ಜವಾಬ್ದಾರಿ. ಮಂಗಳೂರಿನವನು. ಕಂಪನಿ ಕೊಟ್ಟ ಮನೆಯಲ್ಲಿ ಹೆಂಡತಿ ಮಾಧುರಿಯ ಜೊತೆ ಇದ್ದ. ಒಳ್ಳೆಯವನು. ದೀಪಾವಳಿಗೆ ಕ್ಯಾಂಪಿಗೆ ಮೈಸೂರುಪಾಕು ಕಳಿಸುತ್ತಿದ್ದ. ನನಗೆ ಸಿಟ್ಟು ಬರುವುದು ಅಲ್ಲೇ. ಕೆಟ್ಟವನಾಗಿದ್ದರೆ ಈ ಕತೆ ನಮ್ಮದಲ್ಲ ಎಂದು ಪಕ್ಕಕ್ಕಿಡಬಹುದಿತ್ತು.

ಬೋರ್ಡಿನಲ್ಲಿ 236 ಇದ್ದ ದಿನ, ಎರಡು ಪೈಪುಗಳನ್ನು ಕೂಡಿಸುವಾಗ ಒಂದು ಜಾರಿ ಪರಸಪ್ಪನ ಬಲಗೈಯನ್ನು ನಡುವೆ ಹಿಡಿಯಿತು. ಕೊನೆಯ ಎರಡು ಬೆರಳು. ಫೋರ್‌ಮನ್ ಬಟ್ಟೆ ಸುತ್ತಿ ಕ್ಯಾಂಪಿನ ಕ್ಲಿನಿಕ್ಕಿಗೆ ಒಯ್ದ, ಡಾಕ್ಟರು ಹೊಲಿಗೆ ಹಾಕಿದರು. ಮರುದಿನ ಬೆಳಿಗ್ಗೆ ಪರಸಪ್ಪನನ್ನು ಎಂದಿನ ಬಸ್ಸಿನಲ್ಲೇ ಸೈಟಿಗೆ ತಂದು ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಅದು ಕರುಣೆ ಎಂದುಕೊಂಡಿರಾ? ಮರುದಿನ ಹಾಜರಾದವನಿಗೆ ಅಪಘಾತ ಆಗಿಲ್ಲ. ಕೆಲಸಕ್ಕೆ ತಪ್ಪಿಸಿಕೊಂಡರೆ ಮಾತ್ರ ಲೆಕ್ಕ. ಬೋರ್ಡು 237 ಆಯಿತು.

ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಬೆರಳು ಎಳೆಯುವ ಒಳಗಿನ ಹುರಿ ಕಡಿದಿದೆ, ಅಬುಧಾಬಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು. ಮೂರು ವಾರ ದಾಟಿದರೆ ಹುರಿ ಒಳಕ್ಕೆ ಎಳೆದುಕೊಂಡುಬಿಡುತ್ತದೆ, ಆಮೇಲೆ ಹಿಡಿತವಿಲ್ಲ. ಆಸ್ಪತ್ರೆಗೆ ಕಳಿಸಲು ಅಪಘಾತದ ವರದಿ ಬೇಕು. ವರದಿ ಬರೆಯಬೇಕಾದವನು ಪೃಥ್ವಿರಾಜ್. ಬೋರ್ಡು 250 ಮುಟ್ಟುವ ದಿನ ಕ್ಲಬ್ಬಿನಲ್ಲಿ ಸಮಾರಂಭವಿತ್ತು, ಮ್ಯಾನೇಜರ್ ಕೇಕ್ ಕತ್ತರಿಸುವವರಿದ್ದರು. “ಅದೊಂದು ಮುಗೀಲಿ, ನಂತರ ಏನಾದ್ರೂ ಮಾಡುವ” ಎಂದು ಪೃಥ್ವಿರಾಜ್ ಪರಸಪ್ಪನಿಗೆ ಹೇಳಿದ್ದ.

“ನಂತರ ಅಂದ್ರೆ ಯಾವಾಗ?” ಧರ್ಮಪಾಲ ಕೇಳಿದ.

“ಬೋರ್ಡ್‌ನ್ಯಾಗ ಇನ್ನೂರೈವತ್ತು ಬಂದ ಮ್ಯಾಲ, ಐನೂರು ಬರೂತನಕ ನಂತರನ ಅಲ್ಲೇನು?” ಎಂದ ಪರಸಪ್ಪ. ಎಡಗೈಯಿಂದ ರೊಟ್ಟಿ ಮುರಿಯಲು ಹೆಣಗುತ್ತಿದ್ದ. “ಫಿಟ್ಟರನ ಕೈ ಹೋದ್ರ ಏನ್ ಉಳೀತದೋ? ಹೇಂತಿ ನೀಲವ್ವಗ ಪತ್ರದಾಗ ನೆಗಡಿ ಬಂದದ ಅಂತ ಬರಸೀನಿ.”

“ನೀನೇ ಹೋಗಿ ಮ್ಯಾನೇಜರಿಗೆ ಹೇಳು.”

“ಹೇಳಿದ್ರ ಊರಿಗೆ ಟಿಕೀಟ್ ಕೊಟ್ಟು ಕಳಸ್ತಾರ. ನಾ ಹೇಳಂಗಿಲ್ಲ.”

ಅದೇ ವಾರ ಪೃಥ್ವಿರಾಜ್ ಲಾಂಡ್ರಿಗೆ ಬಂದ. ಕೂತು ಚಹಾ ಕುಡಿದ. ಇಬ್ಬರೂ ಆಡಿದ್ದು ತುಳುವಿನಲ್ಲಿ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ನಿನ್ನ ಸಿನಿಮಾದ ಸುದ್ದಿ ಕೇಳಿದೆ ಮಾರಾಯ. ಇನ್ನೂರೈವತ್ತನೇ ದಿನ ಕ್ಲಬ್ಬಿನಲ್ಲಿ ಒಂದು ಅರ್ಧ ಗಂಟೆ ಮಾಡ್ಬೇಕು ನೀನು. ನಮ್ಮ ಕಡೆಯ ಫ್ಯಾಮಿಲಿಯವರೆಲ್ಲ ಬರ್ತಾರೆ. ಮ್ಯಾನೇಜರ್ ಪಕ್ಕ ಮಾಧುರಿ ಕೂತು ಇಂಗ್ಲಿಷಿನಲ್ಲಿ ಹೇಳ್ತಾಳೆ.”

“ಮಾಡುವ ಸರ್.”

“ಒಂದೇ ಒಂದು. ಆ ಕೆಲಸದವನ ಭಾಷಣ ಬೇಡ. ಸಿನಿಮಾದಲ್ಲಿ ಹೇಗೆ ಉಂಟೋ ಹಾಗೆ, ಚಿಂವ್ ಚಿಂವ್ ಮಾಡಿಸು. ಮಕ್ಕಳು ನಗ್ತಾರೆ.” ಲೋಟ ಕೆಳಗಿಟ್ಟು ಎದ್ದ. “ಮತ್ತೆ, ಸ್ಟೋರಿನ ವಿಕ್ಟರ್ ಮಾರ್ಚಿಗೆ ಊರಿಗೆ ಹೋಗ್ತಾನೆ. ಆ ಜಾಗಕ್ಕೆ ನಿನ್ನ ಹೆಸರು ಹೇಳಿದ್ದೇನೆ. ಕ್ಲರ್ಕ್ ಗ್ರೇಡ್. ಸ್ವರ್ಣಲತಾಳಿಗೆ ವಿಸಿಟ್ ವೀಸಾ ಆಗ್ತದೆ.”

ಸ್ವರ್ಣಲತಾ ಧರ್ಮಪಾಲನ ಹೆಂಡತಿ. ಮಗಳು ಯಶ್ಮಿತಾಳಿಗೆ ಆಗ ಮೂರು ವರ್ಷ. ಹುಟ್ಟಿದ ಮೇಲೆ ಅವಳನ್ನು ಅವನು ನೋಡಿದ್ದು ನಲವತ್ತು ದಿನ. ಲಾಂಡ್ರಿಯವನಿಗೆ ಕುಟುಂಬವನ್ನು ಕರೆಸುವ ಹಕ್ಕಿಲ್ಲ, ಕ್ಲರ್ಕಿಗೆ ಇದೆ. ಪೃಥ್ವಿರಾಜ್ ಲಂಚ ಕೊಡುತ್ತಿದ್ದೇನೆ ಎಂದುಕೊಂಡಿರಲಿಕ್ಕಿಲ್ಲ. ನಮ್ಮವನಿಗೆ ಒಂದು ಉಪಕಾರ ಎಂದುಕೊಂಡಿದ್ದ.

ಧರ್ಮಪಾಲ ಎರಡು ದಿನ ಅಂಗಿ ಒಗೆಯುತ್ತಲೇ ಯೋಚಿಸಿದ. ಮೂರನೇ ದಿನ ಪರಸಪ್ಪನ ಮಂಚದ ಮೇಲೆ ಹೋಗಿ ಕೂತ.

“ಕೈ ನಿನ್ನದು. ನೀನು ಬೇಡ ಅಂದ್ರೆ ನಾನು ಬಾಯಿ ಬಿಡುದಿಲ್ಲ. ಸತ್ಯ ಹೇಳು.”

ಪರಸಪ್ಪ ಬ್ಯಾಂಡೇಜಿನೊಳಗಿನ ಬೆರಳು ಮಡಚಲು ಪ್ರಯತ್ನಿಸಿದ. ಕಿರುಬೆರಳೂ ಅದರ ಪಕ್ಕದ್ದೂ ಅಲುಗಲಿಲ್ಲ.

“ನಾ ಹೇಳಂಗಿಲ್ಲ ಅಂದೀನಿ. ಇಸಾಮಣ್ಣ ಹೇಳಬ್ಯಾಡ ಅಂತ ನಾ ಎಲ್ಲಿ ಅಂದೀನಿ? ಅವ ನನ್ನ ಮಾತು ಕೇಳ್ತಾನೇನು?”

ಇನ್ನೂರೈವತ್ತನೇ ದಿನ ಬುಧವಾರ. ಸಂಜೆ ಐದಕ್ಕೆ ಕ್ಲಬ್ಬು ತುಂಬಿತ್ತು. ಕೇಕಿನ ಮೇಲೆ ಹಸಿರು ಬಣ್ಣದಲ್ಲಿ 250. ಮುಂದಿನ ಸಾಲಿನಲ್ಲಿ ಮ್ಯಾನೇಜರ್, ಅವರ ಎಡಕ್ಕೆ ಮಾಧುರಿ, ಬಲಕ್ಕೆ ಪೃಥ್ವಿರಾಜ್. ಕೆಲಸಗಾರರಲ್ಲಿ ಕನ್ನಡದವರಿಗೆ ಮಾತ್ರ ಹಿಂದೆ ನಿಲ್ಲಲು ಅವಕಾಶ. ಪರಸಪ್ಪ ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು ಗೋಡೆಗೆ ಒರಗಿದ್ದ. ಧರ್ಮಪಾಲ ಪಂಚೆ ಉಟ್ಟು, ಮೈಕ್ ಹಿಡಿದು ಟಿವಿಯ ಪಕ್ಕ ಚಕ್ಕಳಮಕ್ಕಳ ಕೂತ. ಅವನು ಆರಿಸಿದ್ದು ಜನರಲ್ ತಪಾಸಣೆಗೆ ಬರುವ ದೃಶ್ಯ. ಮುರಿದ ಜೀಪಿಗೆ ಟಾರ್ಪಾಲು ಹೊದಿಸಿದ್ದಾರೆ, ಕಾಲು ಮುರಿದ ಸಿಪಾಯಿಯನ್ನು ಅಡುಗೆಮನೆಯಲ್ಲಿ ಅಡಗಿಸಿದ್ದಾರೆ, ಕ್ಯಾಪ್ಟನ್ ಬೆವರುತ್ತಿದ್ದಾನೆ.

“ಎಲೈ ದಳಪತಿಯೇ, ನಿನ್ನ ಪಾಳೆಯದಲ್ಲಿ ಸರ್ವರೂ ಕುಶಲವಷ್ಟೆ?” ಜನರಲ್‌ನ ಗಂಟಲು.

“ಕುಶಲ ಮಹಾಪ್ರಭು. ಇನ್ನೂರೈವತ್ತು ದಿನಗಳಿಂದ ಒಬ್ಬನಿಗೆ ಒಂದು ಸೊಳ್ಳೆ ಕೂಡ ಕಚ್ಚಿಲ್ಲ.”

“ಸೊಳ್ಳೆಗಳಿಗೆ ಏನಾಯಿತು?”

“ಅವಕ್ಕೆ ಗೇಟ್ ಪಾಸ್ ಇಲ್ಲ, ಪ್ರಭು.”

ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. ಮಾಧುರಿ ನಗುತ್ತಲೇ ಇಂಗ್ಲಿಷ್ ಮಾಡಿದಳು, ಮ್ಯಾನೇಜರ್ ತೊಡೆ ತಟ್ಟಿಕೊಂಡರು. ಪೃಥ್ವಿರಾಜ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅಷ್ಟರಲ್ಲಿ ಪರದೆಯ ಮೇಲೆ ಇಸ್ತ್ರಿ ಅಂಗಿಗಳನ್ನು ಎತ್ತಿಕೊಂಡು ಕೆಲಸದಾಳು ಬಂದ, ಬಗ್ಗಿದ. ಧರ್ಮಪಾಲ ಕ್ಯಾಸೆಟ್ ನಿಲ್ಲಿಸಿದ.

“ಮಹಾಪ್ರಭು, ನನ್ನ ಹೆಸರು ಇಸಾಮು. ಈ ಪಾಳೆಯದ ಬಟ್ಟೆ ಒಗೆಯುವವ. ದಳಪತಿಗಳ ರಿಜಿಸ್ಟರಿನಲ್ಲಿ ಏನು ಬರೆದುಂಟೋ ನನಗೆ ಓದ್ಲಿಕ್ಕೆ ಬರುದಿಲ್ಲ. ಅಂಗಿ ಓದ್ಲಿಕ್ಕೆ ಬರ್ತದೆ. ಬೆನ್ನಿನಲ್ಲಿ ಉಪ್ಪಿನ ಗೆರೆ ಇದ್ರೆ ಬಿಸಿಲಿನಲ್ಲಿ ದುಡಿಯುವವ. ಎದೆಯಲ್ಲಿ ಸಣ್ಣ ಸಣ್ಣ ತೂತು ಇದ್ರೆ ವೆಲ್ಡರ್. ಹದಿಮೂರು ದಿನದ ಹಿಂದೆ ನಾಲ್ಕುನೂರ ಹದಿನೇಳನೇ ನಂಬರಿನ ಅಂಗಿ ಬಂತು. ಬಲತೋಳು ಮೊಣಕೈಯವರೆಗೆ ರಟ್ಟಿನ ಹಾಗೆ ಗಟ್ಟಿ. ಅದು ಎಣ್ಣೆ ಅಲ್ಲ, ಉಪ್ಪೂ ಅಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಇನ್ನೂ ನಗುತ್ತಿದ್ದರು. ಆಮೇಲೆ ಆ ನಗುವೂ ನಿಂತಿತು.

“ರಕ್ತಕ್ಕೆ ಬಿಸಿನೀರು ಹಾಕಬಾರದು ಪ್ರಭು, ಕಲೆ ಕೂತುಬಿಡ್ತದೆ. ತಣ್ಣೀರಿನಲ್ಲಿ ನೆನೆಸಿಟ್ಟು ಮೂರು ಸಲ ತಿಕ್ಕಿದೆ. ಒಳ್ಳೆದಾಗಿ ಹೋಯ್ತು. ನಾನು ಅಷ್ಟು ಒಳ್ಳೆದಾಗಿ ಒಗೆದದ್ದರಿಂದ ದಳಪತಿಗಳ ರಿಜಿಸ್ಟರೂ ಚೊಕ್ಕ ಉಂಟು. ಅದು ನನ್ನ ತಪ್ಪು. ಆ ಕೈಗೆ ಇನ್ನು ಏಳು ದಿನ ಉಂಟು ಅಂತ ವೈದ್ಯರು ಹೇಳಿದ್ದಾರೆ. ಏಳು ದಿನ ಕಳೆದ್ರೆ ನಾನು ಎಷ್ಟು ತಿಕ್ಕಿದ್ರೂ ಪ್ರಯೋಜನ ಇಲ್ಲ.”

ಮ್ಯಾನೇಜರ್ ಮುಗುಳ್ನಗುತ್ತಾ ಮಾಧುರಿಯ ಕಡೆ ವಾಲಿ ಕೂತಿದ್ದರು. ಅವಳ ಇಂಗ್ಲಿಷ್ ನಿಂತುಹೋಗಿತ್ತು.

“ಜೋಕ್ ಅಂತ ಹೇಳಿಬಿಡು” ಎಂದ ಪೃಥ್ವಿರಾಜ್, ಮ್ಯಾನೇಜರರ ಬೆನ್ನ ಹಿಂದಿನಿಂದ, ತುಟಿ ಅಲುಗಿಸದೆ.

“ನಾಲ್ಕುನೂರ ಹದಿನೇಳು ಯಾರದ್ದು?” ಎಂದು ಅವಳು ಕೇಳಿದಳು.

“ಮನೆಗೆ ಹೋಗಿ ಮಾತಾಡುವ.”

“ಯಾರದ್ದು, ಹೇಳಿ.”

ಅವಳು ಮ್ಯಾನೇಜರರ ಕಡೆ ತಿರುಗಿ, ಉಪ್ಪಿನ ಗೆರೆಯಿಂದ ಹಿಡಿದು ಏಳು ದಿನದವರೆಗೆ ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಮ್ಯಾನೇಜರ್ ಎದ್ದು ನಿಂತು ಹಿಂದಕ್ಕೆ ನೋಡಿದರು. ಯಾರೂ ಪರಸಪ್ಪನನ್ನು ತೋರಿಸಲಿಲ್ಲ. ಅವನೇ ಶಾಲಿನಿಂದ ಕೈ ಹೊರಗೆ ತೆಗೆದ. ಕೇಕ್ ಕತ್ತರಿಸದೆ ಹಾಗೇ ಉಳಿಯಿತು.

ಮ್ಯಾನೇಜರ್ ದೇವರಲ್ಲ. ಇಷ್ಟು ಜನರೆದುರು ಮುಖಭಂಗವಾಯಿತೆಂಬ ಸಿಟ್ಟೇ ಅವರಿಗೆ ಹೆಚ್ಚಿತ್ತು. ಆದರೆ ಅಷ್ಟು ಕುಟುಂಬಗಳು ಕೇಳಿಸಿಕೊಂಡದ್ದನ್ನು ಒಗೆದು ತೆಗೆಯುವುದು ಅವರಿಂದಾಗಲಿಲ್ಲ. ಶನಿವಾರ ಬೆಳಿಗ್ಗೆ ಪೃಥ್ವಿರಾಜ್ ತನ್ನ ಕೈಯಾರೆ ವರದಿ ಬರೆದ. ಕಂಪನಿಯ ಗಾಡಿ ಪರಸಪ್ಪನನ್ನು ಅಬುಧಾಬಿಗೆ ಒಯ್ದಿತು. ಉಂಗುರದ ಬೆರಳು ಮಡಚಲು ಬಂತು. ಕಿರುಬೆರಳು ಅರ್ಧಕ್ಕೆ ನಿಂತಿತು. ಪೈಪು ಹಿಡಿಯಲು ಅಷ್ಟು ಸಾಕಾಯಿತು, ಆಮೇಲೆ ಅವನು ಒಂಬತ್ತು ವರ್ಷ ಫಿಟ್ಟರಾಗಿಯೇ ದುಡಿದ. ಗೇಟಿನ ಬೋರ್ಡಿನಲ್ಲಿ ಸೊನ್ನೆ ಬಂತು.

ವಿಕ್ಟರನ ಜಾಗಕ್ಕೆ ಬೇರೆ ಯಾರೋ ಬಂದರು. ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ಕ್ಯಾಂಪ್ ಆಫೀಸಿನವರು ಎತ್ತಿಕೊಂಡು ಹೋದರು. ಧರ್ಮಪಾಲ ಲಾಂಡ್ರಿಯಲ್ಲೇ ಉಳಿದ. ಕಂಪನಿ ಮುಚ್ಚಿದ ಮೇಲೆ ದುಬೈಗೆ ಬಂದ. 2006ರಲ್ಲಿ ನಾನು ಅವನನ್ನು ಕಂಡದ್ದು ಇಂಟರ್‌ನ್ಯಾಷನಲ್ ಸಿಟಿಯ ಒಂದು ಲಾಂಡ್ರಿ ಅಂಗಡಿಯಲ್ಲಿ, ಆವಿಯ ಇಸ್ತ್ರಿಯ ಹಿಂದೆ. ಸ್ವರ್ಣಲತಾ ಈ ದೇಶವನ್ನು ನೋಡಲೇ ಇಲ್ಲ. ಯಶ್ಮಿತಾ ಎರಡು ವರ್ಷಕ್ಕೊಮ್ಮೆ ಕಾಣುವ ಅಪ್ಪನ ಮುಂದೆ ನಾಚಿಕೊಂಡೇ ದೊಡ್ಡವಳಾದಳು.

“ಬೇಜಾರಿಲ್ಲ ಅಂತ ಸುಳ್ಳು ಹೇಳುದಿಲ್ಲ” ಎಂದ. ಕೈ ನಿಂತಿರಲಿಲ್ಲ, ಯಾರದೋ ಅಂಗಿಯ ತೋಳು ಹಿಂದಕ್ಕೆ ಹೋಗುತ್ತಿತ್ತು. “ಆದ್ರೆ ಚಿಂವ್ ಚಿಂವ್ ಮಾಡ್ಲಿಕ್ಕೆ ನನಗೆ ಬರ್ತಿರ್ಲಿಲ್ಲ. ಇಸಾಮಣ್ಣನಿಗೆ ಒಮ್ಮೆ ಬಾಯಿ ಕೊಟ್ಟ ಮೇಲೆ ವಾಪಸ್ ತೆಗೊಳ್ಳುದು ಹೇಗೆ?”

ಇದನ್ನು ಓದುತ್ತಿರುವ ಇಂಜಿನಿಯರುಗಳೇ, ಸೂಪರ್‌ವೈಸರುಗಳೇ, ಅವರ ಪಕ್ಕ ಮುಂದಿನ ಸಾಲಿನಲ್ಲಿ ಕೂರುವವರೇ, ನಿಮ್ಮ ಗೇಟಿನಲ್ಲೂ ಆ ಬೋರ್ಡು ಇದೆ. ದಿನವೂ ಅದರ ಕೆಳಗೆ ಕಾರು ಓಡಿಸುತ್ತೀರಿ. ನಾಳೆ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ನಿಮ್ಮ ಕ್ಯಾಂಪಿನ ಲಾಂಡ್ರಿಗೆ ಹೋಗಿ. ಅಲ್ಲಿರುವವನ ಹೆಸರು ಕೇಳಿ. ಈ ತಿಂಗಳು ಯಾವ ನಂಬರಿನ ಅಂಗಿಯನ್ನು ತಣ್ಣೀರಿನಲ್ಲಿ ನೆನೆಸಿದೆ ಎಂದು ಕೇಳಿ. ಅವನು ಹೇಳಿದ ನಂಬರನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ. ಆಮೇಲೆ ಬೋರ್ಡಿನ ಅಂಕಿ ಮುಟ್ಟಿ.